ಸಹಾಯ ಬೇಕು: ಶೇಕರ್ ಹಾಕಿದರೆ ದೊಡ್ಡ ಕಾಯಿಗಳೇ ಉದುರುತ್ತಿವೆ

ಎಲ್ಲರಿಗೂ ನಮಸ್ಕಾರ. ಪೀಚ್ ಮರಗಳಲ್ಲಿ ಈ ಸಲ ಕಾಯಿ ವಿಪರೀತ ಕಚ್ಚಿದೆ. ಹೆಚ್ಚಾದ ಕಾಯಿ ಕಿತ್ತು ತೆಗೆಯಲು ಆಳು ಸಿಗಲಿಲ್ಲ, ಅದಕ್ಕೇ ಕೊಂಬೆಗೆ ಕೊಕ್ಕೆ ಸಿಕ್ಕಿಸಿ ಅಲುಗಾಡಿಸುವ ಕೈ ಶೇಕರ್ ತಂದೆ.

ತೊಂದರೆ ಏನೆಂದರೆ, ಬೇಡದ ಸಣ್ಣ ಕಾಯಿಗಳು ಗಟ್ಟಿಯಾಗಿ ಕೂತಿರುತ್ತವೆ, ಉಳಿಸಿಕೊಳ್ಳಬೇಕಾದ ದಪ್ಪ ಕಾಯಿಗಳೇ ಮೊದಲು ಬೀಳುತ್ತವೆ. ತೂಕ ಜಾಸ್ತಿ ಇದ್ದ ಕಾಯಿ ಅದೇ ಅಲುಗಾಟದಲ್ಲಿ ತೊಟ್ಟನ್ನು ಜೋರಾಗಿ ಎಳೆಯುತ್ತದೆ, ಅಲ್ವಾ? ಕೊಯ್ಲಿನಲ್ಲಿ ಇದೇ ಬೇಕು, ಹಣ್ಣಾದಾಗ ತೊಟ್ಟೂ ಸಡಿಲವಾಗಿರುತ್ತದೆ. ಈಗ ಮಾತ್ರ ಪೂರ್ತಿ ಉಲ್ಟಾ.

ವೇಗ ತಗ್ಗಿಸಿ ನೋಡಿದೆ, ಜೋತುಬಿದ್ದ ತೆಳು ರೆಂಬೆಗಳಿಗೆ ಅಲುಗಾಟ ಮುಟ್ಟಲೇ ಇಲ್ಲ. ಏರಿಸಿದರೆ ಕೊಕ್ಕೆಯ ಹತ್ತಿರ ಒಂದೂ ಕಾಯಿ ಉಳಿಯದೆ ಬರಿದಾಯಿತು, ತುದಿಯಲ್ಲಿ ಮಾತ್ರ ಗೊಂಚಲು ಹಾಗೇ ಇದೆ. ಎರಡು ಕಡೆ ತೊಗಟೆಯೂ ಜಾರಿ ಎದ್ದು ಬಂತು. ಹಿಂದಿನ ದಿನ ನೀರು ಬಿಟ್ಟಿದ್ದೆ, ಮರದಲ್ಲಿ ರಸ ಚೆನ್ನಾಗಿ ಹರಿಯುವಾಗ ತೊಗಟೆ ಬೇಗ ಸುಲಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ನೋಡಿ ತುಂಬಾ ಬೇಜಾರಾಯಿತು. ಕೊಕ್ಕೆಗೆ ರಬ್ಬರ್ ಸುತ್ತಿದ ಮೇಲೆ ಗಾಯ ಕಡಿಮೆಯಾಗಿದೆ, ಆದರೆ ಉದುರುವ ರೀತಿ ಬದಲಾಗಿಲ್ಲ. ಗೊರಟು ಗಟ್ಟಿಯಾಗುವ ಮೊದಲು ಈ ಕೆಲಸ ಮುಗಿಸಬೇಕು, ದಿನ ಜಾಸ್ತಿ ಇಲ್ಲ.

ಶೇಕರ್‌ನಲ್ಲಿ ಹೆಚ್ಚಾದ ಕಾಯಿ ಉದುರಿಸಿದವರು ದಯವಿಟ್ಟು ಹೇಳಿ: ಕೊಕ್ಕೆಯನ್ನು ಕೊಂಬೆಯ ಬುಡಕ್ಕೆ ಹಾಕಬೇಕೋ, ನಡುವೆಯೋ? ಒಂದೆರಡು ಸೆಕೆಂಡಿನಂತೆ ಬಿಟ್ಟು ಬಿಟ್ಟು ಅಲುಗಾಡಿಸಿದರೆ ದಪ್ಪ ಕಾಯಿ ಉಳಿಯುತ್ತವೆಯೇ, ಅಥವಾ ಶೇಕರ್ ನಿಲ್ಲಿಸಿ ಕೈಯಲ್ಲೇ ಕೀಳುವುದು ವಾಸಿಯೇ?