ಹೀಲಿಯೊಟ್ರೋಪ್ ಬೊಕೆ: ಇದರಲ್ಲಿ ಲೂಯಿ ಶೋವನ್ ಪಾಲು ಎಷ್ಟು?

ಪ್ರಶ್ನೆ:
ಎರಡು ತಿಂಗಳಿಂದ ಪಿಯಾನೊದಲ್ಲಿ ‘ಹೀಲಿಯೊಟ್ರೋಪ್ ಬೊಕೆ’ ಎಂಬ ರ್ಯಾಗ್‌ಟೈಮ್ (ಶತಮಾನದ ಹಿಂದಿನ ಅಮೆರಿಕದ ಪಿಯಾನೊ ಶೈಲಿ) ಕೃತಿಯನ್ನು ಅಭ್ಯಾಸ ಮಾಡುತ್ತಿದ್ದೇನೆ. ಮುಖಪುಟದಲ್ಲಿ ಸ್ಕಾಟ್ ಜಾಪ್ಲಿನ್ ಜೊತೆಗೆ ಲೂಯಿ ಶೋವನ್ ಹೆಸರೂ ಇದೆ. ಮೊದಲ ಪುಟ ನುಡಿಸುವಾಗ ಎಡಗೈ ಹಾಬನೇರಾ (ಕ್ಯೂಬಾದ ಒಂದು ನೃತ್ಯ) ಲಯದಲ್ಲಿ ತೂಗುತ್ತದೆ. ಮುಂದೆ ಆ ಗುಣ ಕಾಣುವುದಿಲ್ಲ. ಯಾರು ಯಾವ ಭಾಗ ಬರೆದರು?

ಉತ್ತರ 1:
ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಮೊದಲ ಎರಡು ಭಾಗಗಳು ಶೋವನ್ ಅವರವು, ಕೊನೆಯ ಎರಡು ಜಾಪ್ಲಿನ್ ಅವರವು. 1907ರಲ್ಲಿ ಜಾನ್ ಸ್ಟಾರ್ಕ್ ಪ್ರಕಟಿಸಿದರು. ಶೋವನ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಜಾಪ್ಲಿನ್ ಕಾಗದಕ್ಕೆ ಇಳಿಸದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ಉತ್ತರ 2:
ಶೋವನ್ ಅವರ ಬಗ್ಗೆ ಓದಿದಾಗಲೆಲ್ಲ ನನಗೆ ಕರುಳು ಹಿಂಡಿದಂತಾಗುತ್ತದೆ. ಹುಟ್ಟಿದ್ದು 1881ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ರ್ಯಾಗ್‌ಟೈಮ್ ಸಂಗೀತಗಾರ ಟಾಮ್ ಟರ್ಪಿನ್ ಅವರ ರೋಸ್‌ಬಡ್ ಕೆಫೆಯ ಸುತ್ತ ಸೇರುತ್ತಿದ್ದ ಪಿಯಾನೊ ವಾದಕರು ಇವರನ್ನು ತಮ್ಮೆಲ್ಲರಿಗಿಂತ ಮೇಲೆಂದು ಒಪ್ಪಿದ್ದರು. 1908ರ ಮಾರ್ಚ್‌ನಲ್ಲಿ ಶಿಕಾಗೊದಲ್ಲಿ ತೀರಿಕೊಂಡಾಗ ವಯಸ್ಸು 27. ಅಚ್ಚಾದದ್ದು ಮೂರೇ ಕೃತಿ, ಅದರಲ್ಲಿ ಎರಡು ಹಾಡುಗಳು. ಧ್ವನಿಮುದ್ರಿಕೆಯಾಗಲಿ ಪಿಯಾನೊ ರೋಲ್ (ಪಿಯಾನೊ ತಾನೇ ನುಡಿಯುವಂತೆ ರಂಧ್ರ ಕೊರೆದ ಕಾಗದದ ಸುರುಳಿ) ಆಗಲಿ ಒಂದೂ ಇಲ್ಲ. ಅವರ ಬೆರಳುಗಳನ್ನು ನಾವು ಎಂದೂ ಕೇಳಲಾರೆವು.

ಒಂದು ಮಾತು: ಆತುರಪಡಬೇಡಿ. ಮುಖಪುಟದಲ್ಲಿಯೇ ‘ಸ್ಲೋ ಡ್ರ್ಯಾಗ್’, ಅಂದರೆ ನಿಧಾನಗತಿಯ ನೃತ್ಯ, ಎಂದಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇಂದು ವೇಗ ತಗ್ಗಿಸಿ ಮೊದಲ ಎರಡು ಭಾಗಗಳನ್ನಷ್ಟೇ ನುಡಿಸಿದೆ. ಎರಡನೆಯದು ಮುಗಿದೊಡನೆ ಕೈ ತಾನಾಗಿ ನಿಂತಿತು.