ಪದಚರ್ಚೆ: ಬಂದರಿನ ‘ಸರಕು ದಟ್ಟಣೆ’, ‘ಒಳನಾಡು’, ‘ಹಿನ್ನಾಡು’

ನಮಸ್ಕಾರ. ಬಂದರಿನ ಸರಕಿಗೂ ಪ್ರಾದೇಶಿಕ ಆರ್ಥಿಕತೆಗೂ ಇರುವ ನಂಟಿನ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾರ್ಗೋ ಟ್ರಾಫಿಕ್’ಗೆ ‘ಸರಕು ದಟ್ಟಣೆ’ ಸರಿಯೇ? ‘ಹಿಂಟರ್‌ಲ್ಯಾಂಡ್’ಗೆ ‘ಒಳನಾಡು’ ಸಾಕೇ?

ಉತ್ತರ:

‘ದಟ್ಟಣೆ’ ಖಂಡಿತ ಬೇಡ. ಬರ್ತ್ (ಹಡಗು ನಿಲ್ಲುವ ಕಟ್ಟೆ) ಸಿಗದೆ ಹಡಗುಗಳು ಹೊರಗೆ ಲಂಗರು ಹಾಕಿ ಕಾಯುವುದು, ಯಾರ್ಡ್ ತುಂಬಿ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟುವುದು ದಟ್ಟಣೆ. ನಿಮಗೆ ಬೇಕಾದ್ದು ವರ್ಷದಲ್ಲಿ ಇಳಿಸಿದ, ಏರಿಸಿದ ಸರಕಿನ ಒಟ್ಟು ತೂಕ. ‘ಸರಕು ವಹಿವಾಟು’ ಎಂದರೆ ಓದುಗರು ರೂಪಾಯಿ ಲೆಕ್ಕ ಅಂದುಕೊಳ್ಳುತ್ತಾರೆ. ‘ನಿರ್ವಹಿಸಿದ ಸರಕು’ ಎಂದು ಬರೆದು ಪಕ್ಕದಲ್ಲೇ ಟನ್ ನಮೂದಿಸಿ.

ಇದು ಬರೀ ಪದದ ಪ್ರಶ್ನೆಯಲ್ಲ. ನವಮಂಗಳೂರು ಬಂದರಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕೆ ಇಳಿಯುವ ಕಚ್ಚಾತೈಲ ಒಮ್ಮೆ ಲೆಕ್ಕಕ್ಕೆ ಬರುತ್ತದೆ; ಅದೇ ಶುದ್ಧಗೊಂಡು ಹಡಗೇರಿದರೆ ಮತ್ತೊಮ್ಮೆ. ಆ ಎಣ್ಣೆ ಕೊಳವೆಯಲ್ಲೇ ಹೋಗಿಬರುತ್ತದೆ; ಟನ್ ದೊಡ್ಡದಾದರೂ ಅದನ್ನು ಸಾಗಿಸಲು ಲಾರಿ, ಕೂಲಿಯಾಳು ಅಷ್ಟಾಗಿ ಬೇಡ. ಇಪ್ಪತ್ತು ಅಡಿಯ ಕಂಟೇನರಿಗೆ 60 ಕಿಲೋದ 320 ಕಾಫಿ ಚೀಲ ತುಂಬಿದರೆ ಬರೀ 19.2 ಟನ್. ಆದರೆ ಅದರ ಹಿಂದೆ ತೋಟದ ಕೊಯ್ಲಾಳುಗಳು, ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ), ಘಾಟಿ ಇಳಿಯುವ ಲಾರಿ ಎಲ್ಲವೂ ಇವೆ. ಟನ್ ಏರಿತೆಂದರೆ ಊರಿನ ದುಡಿಮೆಯೂ ಅಷ್ಟೇ ಏರಿತು ಎಂಬ ಅರ್ಥ ಅನುವಾದದಲ್ಲಿ ನುಸುಳದಿರಲಿ.

ಇನ್ನು ‘ಒಳನಾಡು’: ಕರಾವಳಿಯಲ್ಲದ ಜಾಗವೆಲ್ಲ ಒಳನಾಡೇ; ‘ಒಳನಾಡು ಮೀನುಗಾರಿಕೆ’ ಎನ್ನುತ್ತೇವಲ್ಲ, ಹಾಗೆ. ‘ಹಿಂಟರ್‌ಲ್ಯಾಂಡ್’ಗೆ ‘ಹಿನ್ನಾಡು’ ಎನ್ನಿ; ಅದು ಯಾವುದೋ ಒಂದು ಬಂದರಿನದು, ಆ ಬಂದರಿಗೆ ಸರಕು ಕಳಿಸುವ, ಅಲ್ಲಿಂದ ತರಿಸಿಕೊಳ್ಳುವ ಸೀಮೆ. ಅದರ ಗಡಿ ನಕ್ಷೆಯಲ್ಲಿರುವುದಿಲ್ಲ. ಬೆಂಗಳೂರಿನ ಕಂಟೇನರುಗಳಲ್ಲಿ ಹೆಚ್ಚಿನವು ಚೆನ್ನೈ ಕಡೆಗೆ ಹೋಗುತ್ತವೆ. ಅಲ್ಲಿ ಹಡಗುಗಳು ಹೆಚ್ಚು, ದಾರಿಯೂ ಸುಗಮ. ಮಂಗಳೂರಿಗಾದರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿಗೆ 1 ಅಡಿಯ ಏರು, ರೈಲಿಗೆ ಹೆಚ್ಚುವರಿ ಎಂಜಿನ್ ಕಟ್ಟಬೇಕು. ಕೊಡಗಿನ ಕಾಫಿ ಮಂಗಳೂರಿಗೂ ಹೋಗುತ್ತದೆ, ಕೊಚ್ಚಿಗೂ. ಹಾಗಾಗಿ ‘ಹಂಚಿಕೊಂಡ ಹಿನ್ನಾಡು’ ಎಂಬ ಪ್ರಯೋಗವೂ ಬೇಕಾದೀತು.

ಹಿನ್ನಾಡು ಕಳಚಿಕೊಳ್ಳುವುದೂ ಉಂಟು. ಕುದುರೆಮುಖದ ಅದಿರು 67 ಕಿ.ಮೀ. ಕೊಳವೆಯಲ್ಲಿ ಕೆಸರಾಗಿ ನವಮಂಗಳೂರು ಬಂದರಿರುವ ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿಗಾರಿಕೆ ನಿಂತ ಮೇಲೆ, ಪಣಂಬೂರಿನ ಪೆಲೆಟ್ ಘಟಕ (ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆ) ವಿಶಾಖಪಟ್ಟಣದ ಮೂಲಕ ಸಮುದ್ರದಲ್ಲಿ ಅದಿರು ತರಿಸಿಕೊಳ್ಳಬೇಕಾಯಿತು.

ಕೊನೆಗೊಂದು ಎಚ್ಚರಿಕೆ: ಮೂಲದಲ್ಲಿ ‘ಗ್ರಾಸ್ ಟನ್ನೇಜ್’ ಬಂದರೆ ‘ಟನ್ ಸರಕು’ ಎನ್ನಬೇಡಿ. ಅದು ಹಡಗಿನ ಒಳಗಾತ್ರದ ಅಳತೆ, ತೂಕವಲ್ಲ. ಹಡಗು ಹೊರಬಲ್ಲ ತೂಕಕ್ಕೆ ‘ಡೆಡ್‌ವೆಯ್ಟ್’ ಎಂಬ ಬೇರೆಯೇ ಲೆಕ್ಕವಿದೆ.