ಪುಟ್ಟಾ, ಆ ಸ್ಕ್ಯಾನ್ ಬಟನ್ ಮುಟ್ಟಬೇಡ

ಹಾ, ಪುಟ್ಟಾ, ಅತ್ತೆ ಮಾತಾಡ್ತಿರೋದು. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿಬಿಟ್ಟು ಆಮೇಲೆ ಕೈ ಹಾಕು.

ನೀನು ಬೆಳಿಗ್ಗೆ ಮನೆ ಗ್ರೂಪಲ್ಲಿ ಹಾಕಿದ ಮೆಸೇಜ್ ನೋಡ್ದೆ. ಹಳೇ ಸಿಸ್ಟಮ್ ಡಿಸ್ಕ್ ಕರಕರ ಅಂತಿತ್ತು, ತೆಗೆದು ಎಸ್‌ಎಸ್‌ಡಿ ಹಾಕ್ದೆ, ಉಬುಂಟು ಹೊಸದಾಗಿ ಹಾಕ್ದೆ, ಡಿಸ್ಕಲ್ಲಿರೋ ಸಿನಿಮಾನ ಟಿವಿಗೆ ಕಳಿಸೋ ಜೆಲ್ಲಿಫಿನ್ ಪ್ರೋಗ್ರಾಮ್ ಕೂಡ ಹಾಕ್ದೆ, ಈಗ ಟಿವಿಯಲ್ಲಿ ಎಲ್ಲಾ ಖಾಲಿ. ಅಜ್ಜಿ ನೋಡ್ತಿದ್ದ ಸೀರಿಯಲ್ ಎಲ್ಲಿತ್ತೋ ಗೊತ್ತಿಲ್ಲ, ಮನೆಯವರ ಲಾಗಿನ್‌ಗಳೂ ಇಲ್ಲ. ಅದಕ್ಕೆ ಅಣ್ಣ ಬರೆದಿರೋದು ಏನಪ್ಪಾ ಅಂದ್ರೆ, 'ಎಲ್ಲಾ ಫಾರ್ಮ್ಯಾಟ್ ಮಾಡಿ ಮೊದಲಿಂದ ಶುರು ಮಾಡು' ಅಂತ. ಅಣ್ಣಾ, ನೀನು ದೊಡ್ಡೋನು, ಎದುರು ಮಾತಾಡಲ್ಲ, ಆದ್ರೆ ದಯವಿಟ್ಟು ಇವತ್ತೊಂದು ದಿನ ಈ ವಿಷಯದಲ್ಲಿ ಸುಮ್ನಿರು.

ಪುಟ್ಟಾ, ಏನೂ ಹೋಗಿಲ್ಲ. ಸಿನಿಮಾ, ಮನೆ ವಿಡಿಯೋ ಎಲ್ಲಾ ಇರೋದು ಎರಡನೇ ದೊಡ್ಡ ಡಿಸ್ಕಲ್ಲಿ. ಉಬುಂಟು ಹಾಕೋ ಮುಂಚೆ ಅದರ ಕೇಬಲ್ ಕಿತ್ತಿಟ್ಟಿದ್ದೆ ಅಂದ್ಯಲ್ಲ, ಅದೊಂದು ಭಾಳ ಒಳ್ಳೇ ಕೆಲಸ. ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಅಳಿಸು' ಅಂತ ತಪ್ಪು ಡಿಸ್ಕಿಗೆ ಒತ್ತಿ ತಲೆ ಮೇಲೆ ಕೈ ಹೊತ್ತು ಕೂತೋರನ್ನ ನಾನು ನೋಡಿದೀನಿ. ಇಲ್ಲಿ ಕಾಣ್ತಿಲ್ಲದೆ ಇರೋದು ಸಿನಿಮಾ ಅಲ್ಲ, ಅದರ ಲೆಕ್ಕದ ಪುಸ್ತಕ. ಯಾರು ಎಲ್ಲಿವರೆಗೆ ನೋಡಿದಾರೆ, ಯಾರ ಪಾಸ್‌ವರ್ಡ್ ಏನು, ಯಾವ ಫೈಲ್ ಯಾವ ಫೋಲ್ಡರಲ್ಲಿದೆ, ಇಷ್ಟೂ ಬರೆದಿಟ್ಟಿರೋ ಡೇಟಾಬೇಸ್ ಹಳೇ ಸಿಸ್ಟಮ್ ಡಿಸ್ಕಲ್ಲೇ ಉಳ್ಕೊಂಡಿದೆ. ಅದಕ್ಕೇ ಆ ಹಳೇ ಡಿಸ್ಕ್ ಎಸೀಬೇಡ, ಫಾರ್ಮ್ಯಾಟ್ ಮಾಡ್ಬೇಡ, ಯಾರಿಗೂ ಕೊಡ್ಬೇಡ.

ಈಗ ಮೊದಲ ಕೆಲಸ, ಜೆಲ್ಲಿಫಿನ್ ಸರ್ವೀಸ್, ಅಂದ್ರೆ ಹಿಂದೆ ಸದಾ ಓಡ್ತಿರೋ ಆ ಪ್ರೋಗ್ರಾಮ್, ನಿಲ್ಸು. ಫೋಲ್ಡರ್ ಎಲ್ಲಾ ಜಾಲಾಡಿ ಪಟ್ಟಿ ಹೊಸದು ಮಾಡೋ 'ಸ್ಕ್ಯಾನ್ ಲೈಬ್ರರಿ' ಒತ್ತಲೇಬೇಡ. ನೀನು ಒತ್ತದೇ ಇದ್ರೂ ಅದು ಸಾಮಾನ್ಯವಾಗಿ 12 ಗಂಟೆಗೊಂದು ಸಲ ತಾನೇ ಸ್ಕ್ಯಾನ್ ಮಾಡುತ್ತೆ, ಅದಕ್ಕೇ ಸರ್ವೀಸ್ ನಿಲ್ಸು ಅಂದಿದ್ದು. ಹಳೇ ಲೆಕ್ಕದ ಪುಸ್ತಕ ತಂದಿಟ್ಟು, ದೊಡ್ಡ ಡಿಸ್ಕ್ ಜೋಡಿಸೋದು ಮರೆತು ಸ್ಕ್ಯಾನ್ ಆದ್ರೆ, 'ಇಲ್ಲಿ ಫೈಲೇ ಇಲ್ಲ' ಅಂದ್ಕೊಂಡು ಅದು ಒಂದೊಂದೇ ಹೆಸರು ಹೊಡೆದು ಹಾಕೋ ಅಪಾಯ ಇದೆ. ಫೋಲ್ಡರ್ ಪೂರ್ತಿ ಖಾಲಿ ಇದ್ರೆ ಬಿಟ್ಟು ಮುಂದೆ ಹೋಗೋ ರಕ್ಷಣೆ ಇತ್ತೀಚಿನದರಲ್ಲಿ ಇದೆ, ಆದ್ರೆ ಅದನ್ನ ನಂಬ್ಕೊಂಡು ಕೂರೋದು ಬೇಡ.

ಆಮೇಲೆ ಆ ಹಳೇ ಡಿಸ್ಕ್. ಡಿಸ್ಕಿನ ಸಾಟಾ ಕನೆಕ್ಟರನ್ನ ಯುಎಸ್‌ಬಿಗೆ ಜೋಡಿಸೋ ಒಂದು ಚಿಕ್ಕ ಅಡಾಪ್ಟರ್ ಬರುತ್ತೆ, ಅದರಲ್ಲಿ ಹಾಕು. ನಿಂದು ದೊಡ್ಡ ಸೈಜಿನ ಡೆಸ್ಕ್‌ಟಾಪ್ ಡಿಸ್ಕ್ ಆದ್ರೆ ಬೇರೆ ಪವರ್ ಕೊಡೋ ಅಡಾಪ್ಟರೇ ಬೇಕು, ಬರೀ ಯುಎಸ್‌ಬಿ ಕರೆಂಟ್ ಸಾಲಲ್ಲ. ಕರಕರ ಅಂತಿತ್ತು ಅಂದ್ಯಲ್ಲ, ಅದಕ್ಕೇ ಹೇಳ್ತಿದೀನಿ: ಓದೋಕೆ ಮಾತ್ರ ಅಂತ ಮೌಂಟ್ ಮಾಡು, ಅಂದ್ರೆ ಸಿಸ್ಟಮಿಗೆ ಒಂದು ಫೋಲ್ಡರ್ ತರ ಜೋಡಿಸು, ಫೈಲ್ ಮ್ಯಾನೇಜರಲ್ಲಿ ಫೋಲ್ಡರ್ ಫೋಲ್ಡರ್ ತೆರೆದು ಅಡ್ಡಾಡಬೇಡ. ಬೇಕಾದ್ದು ಎರಡೇ. ವಾರ್ ಅನ್ನೋ ಫೋಲ್ಡರ್ ಒಳಗೆ ಲಿಬ್, ಅದರೊಳಗೆ ಜೆಲ್ಲಿಫಿನ್ ಅನ್ನೋ ಫೋಲ್ಡರ್, ಇದು ಪುಸ್ತಕ. ಇಟಿಸಿ ಅನ್ನೋ ಫೋಲ್ಡರ್ ಒಳಗೆ ಇನ್ನೊಂದು ಜೆಲ್ಲಿಫಿನ್ ಫೋಲ್ಡರ್, ಇದು ಸೆಟ್ಟಿಂಗ್. ಕ್ಯಾಶೆ, ಅಂದ್ರೆ ತಾತ್ಕಾಲಿಕ ಫೈಲುಗಳು, ಬೇಡ, ಅದು ತಾನೇ ಮತ್ತೆ ಹುಟ್ಟುತ್ತೆ. ಕಾಪಿ ಮಧ್ಯದಲ್ಲಿ ಎರರ್ ಬಂದು ನಿಂತ್ರೆ ಮತ್ತೆ ಮತ್ತೆ ಪ್ರಯತ್ನ ಮಾಡಿ ಡಿಸ್ಕ್ ಸಾಯಿಸಬೇಡ. ಡಿಡಿರೆಸ್ಕ್ಯೂ ಅಂತ ಒಂದಿದೆ, ಅದು ಮೊದಲು ಚೆನ್ನಾಗಿರೋ ಭಾಗ ಎಲ್ಲಾ ಇದ್ದಂಗೇ ನಕಲು ಮಾಡ್ಕೊಂಡು, ಕೆಟ್ಟ ಜಾಗಕ್ಕೆ ಕೊನೇಲಿ ವಾಪಸ್ ಬರುತ್ತೆ. ಅಷ್ಟರ ಮಟ್ಟಿಗೆ ಹೋದ್ರೆ ನಂಗೆ ಫೋನ್ ಮಾಡು.

ಡೇಟಾಬೇಸ್ ಇರೋ ಜಾಗದಲ್ಲಿ ಡಿಬಿ ಅಂತ ಕೊನೆಯಾಗೋ ಫೈಲ್ ಪಕ್ಕ ಅದೇ ಹೆಸರಿನ ಇನ್ನೆರಡು ಇರಬಹುದು, ಹೆಸರಿನ ಕೊನೇಲಿ ವಾಲ್ ಅಂತ ಒಂದು, ಎಸ್‌ಎಚ್‌ಎಂ ಅಂತ ಒಂದು. 'ಇದೇನೋ ತಾತ್ಕಾಲಿಕ ಫೈಲು' ಅಂತ ಬಿಟ್ಟುಬಿಡಬೇಡ. ಇನ್ನೂ ಪುಸ್ತಕಕ್ಕೆ ಏರಿಸದೇ ಇರೋ ಬರಹ ವಾಲ್ ಫೈಲಲ್ಲೇ ಇರುತ್ತೆ. ಕಂಪ್ಯೂಟರ್ ನೆಟ್ಟಗೆ ಶಟ್‌ಡೌನ್ ಆಗದೇ ನಿಂತಿದ್ರೆ ಕೊನೇ ದಿನ ನೋಡಿದ ಲೆಕ್ಕ ಅಲ್ಲೇ ಸಿಕ್ಕಿಕೊಂಡಿರಬಹುದು.

ಹಾ, ಇನ್ನೊಂದು, ಮರೆತೇ ಹೋಗ್ತಿತ್ತು. ವರ್ಷನ್! ಹಳೇದು ಯಾವ ವರ್ಷನ್ ಅಂತ ಮೊದಲು ನೋಡ್ಕೋ. ವಾರ್ ಒಳಗಿನ ಲಾಗ್ ಫೋಲ್ಡರಲ್ಲಿ ಜೆಲ್ಲಿಫಿನ್ ಲಾಗ್ ಇರುತ್ತೆ, ಶುರುವಿನ ಸಾಲುಗಳಲ್ಲೇ ಬರೆದಿರುತ್ತೆ. ಹೊಸ ಎಸ್‌ಎಸ್‌ಡಿಯಲ್ಲೂ ಮೊದಲು ಅದೇ ವರ್ಷನ್ ಹಾಕಿ, ಎಲ್ಲಾ ಸರಿ ಆದ್ಮೇಲೆ ಮೇಲಕ್ಕೆ ಹೋಗು. ಹಳೇ ಡೇಟಾಬೇಸನ್ನ ಹೊಸ ವರ್ಷನ್ ಬದಲಾಯಿಸಿಕೊಳ್ಳುತ್ತೆ ನಿಜ, ಆದ್ರೆ ಮಧ್ಯದಲ್ಲಿ ಎಡವಿದ್ರೆ ವಾಪಸ್ ಬರೋದು ಕಷ್ಟ. 2025ರಲ್ಲಿ ಬಂದ 10.11ರಲ್ಲಂತೂ ಡೇಟಾಬೇಸಿನ ಒಳಗಿನ ರೂಪಾನೇ ಬದಲಾಯಿತು.

ಈಗ ದೊಡ್ಡ ಡಿಸ್ಕ್. ಕೈ ಕೊಡೋದು ಇಲ್ಲೇ. ನೀನು ಕಳಿಸಿರೋ ಸ್ಕ್ರೀನ್‌ಶಾಟಲ್ಲಿ ಅದು ಮೀಡಿಯಾ ಫೋಲ್ಡರ್, ಅದರೊಳಗೆ ನಿನ್ನ ಹೆಸರು, ಅದರೊಳಗೆ ಡಿಸ್ಕಿನ ಹೆಸರು ಅಂತ ತೆರೆದಿದೆ. ನೀನು ಡೆಸ್ಕ್‌ಟಾಪಲ್ಲಿ ಐಕಾನ್ ಒತ್ತಿದ್ದಕ್ಕೆ ಅದು ಅಲ್ಲಿ ಕೂತಿದೆ. ನಿನ್ನ ಹೆಸರಿನ ಆ ಫೋಲ್ಡರೊಳಕ್ಕೆ ನಿನಗೆ ಮಾತ್ರ ಪ್ರವೇಶ. ಜೆಲ್ಲಿಫಿನ್ ತನ್ನದೇ ಬೇರೆ ಯೂಸರ್ ಹೆಸರಲ್ಲಿ ಓಡೋದು, ಅದಕ್ಕೆ ಬಾಗಿಲಲ್ಲೇ ತಡೆ. ನಿನಗೆ ಫೈಲ್ ಕಾಣುತ್ತೆ, ಅದಕ್ಕೆ ಕಾಣಲ್ಲ. ನೀನು ಅರ್ಧ ದಿನ ತಲೆ ಕೆಡಿಸ್ಕೊಂಡಿದ್ದು ಇದಕ್ಕೇ ಇರ್ಬೇಕು.

ಅಷ್ಟೇ ಅಲ್ಲ, ಪುಸ್ತಕದಲ್ಲಿ ಪ್ರತಿ ಸಿನಿಮಾದ ಎದುರು ಪೂರ್ತಿ ವಿಳಾಸ ಬರೆದಿದೆ. ಡಿಸ್ಕ್ ಮೊದಲು ಎಲ್ಲಿ ಮೌಂಟ್ ಆಗ್ತಿತ್ತೋ ಅಕ್ಷರ ಅಕ್ಷರ ಅಲ್ಲೇ ಆಗ್ಬೇಕು. ಒಂದು ಅಕ್ಷರ ದೊಡ್ಡದು ಚಿಕ್ಕದು ಆದ್ರೂ ಅದಕ್ಕೆ ಅದು ಬೇರೆ ಊರು. ಈ ವಿಳಾಸ ನೆನಪು ಮಾಡ್ಕೊಳ್ಳೋ ಕಷ್ಟ ನಿಂಗೆ ಬೇಡ, ಹಳೇ ಡಿಸ್ಕಿನ ಇಟಿಸಿ ಫೋಲ್ಡರಲ್ಲಿ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಿದೆ, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ ಅದು, ಅದರಲ್ಲಿ ಆ ಸಾಲು ಇದ್ದಂಗೇ ಇರುತ್ತೆ. ಆ ಒಂದೇ ಸಾಲನ್ನ ಹೊಸ ಎಫ್‌ಎಸ್‌ಟ್ಯಾಬಿಗೆ ಹಾಕು. ಪೂರ್ತಿ ಫೈಲ್ ಅಲ್ಲ, ಒಂದೇ ಸಾಲು! ಪೂರ್ತಿ ಹಾಕಿದ್ರೆ ಇಲ್ಲದೇ ಇರೋ ಹಳೇ ಸಿಸ್ಟಮ್ ಡಿಸ್ಕ್ ಹುಡುಕ್ತಾ ಬೂಟ್ ಆಗಲ್ಲ. ಸಾಲಲ್ಲಿ ಡಿಸ್ಕಿಗೆ ಎಸ್‌ಡಿಬಿ ಅಂತ ಏನಾದ್ರೂ ಹೆಸರು ಇದ್ರೆ ಅದನ್ನ ತೆಗೆದು ಯುಯುಐಡಿ, ಅಂದ್ರೆ ಆ ಡಿಸ್ಕಿಗೇ ಅಂತ ಇರೋ ಗುರುತಿನ ನಂಬರ್, ಹಾಕು. ಎಸ್‌ಡಿಎ, ಎಸ್‌ಡಿಬಿ ಅನ್ನೋವು ಇವತ್ತೊಂದು ನಾಳೆ ಒಂದು. ಯುಯುಐಡಿ ಫಾರ್ಮ್ಯಾಟ್ ಮಾಡೋವರೆಗೂ ಬದಲಾಗಲ್ಲ.

ಆ ಸಾಲಿಗೆ ನೋಫೇಲ್ ಅನ್ನೋ ಪದ ಕೂಡ ಸೇರಿಸು. ಇಲ್ದಿದ್ರೆ ಯಾವತ್ತಾದ್ರೂ ದೊಡ್ಡ ಡಿಸ್ಕ್ ಕೈ ಕೊಟ್ರೆ ಕಂಪ್ಯೂಟರೇ ಎಮರ್ಜೆನ್ಸಿ ಮೋಡಲ್ಲಿ ಕೂತ್ಬಿಡುತ್ತೆ. ನೋಫೇಲ್ ಹಾಕಿದ್ರೆ ಮತ್ತೊಂದು ತಾಪತ್ರಯ, ಡಿಸ್ಕ್ ಇಲ್ಲದೇನೇ ಜೆಲ್ಲಿಫಿನ್ ಶುರು ಆಗುತ್ತೆ. ಅದಕ್ಕೆ ಜೆಲ್ಲಿಫಿನ್ ಸರ್ವೀಸ್ ಫೈಲಿಗೆ ರಿಕ್ವೈರ್ಸ್ ಮೌಂಟ್ಸ್ ಫಾರ್ ಅನ್ನೋ ಒಂದು ಸಾಲು ಸೇರಿಸ್ಬೇಕು, ಆ ಡಿಸ್ಕ್ ಬಂದಿದ್ರೆ ಮಾತ್ರ ನೀನು ಏಳು ಅಂತ. ಕಮಾಂಡ್‌ಗಳನ್ನೆಲ್ಲ ಬಾಯಲ್ಲಿ ಹೇಳಿದ್ರೆ ತಪ್ಪಾಗುತ್ತೆ, ಬೇರೆ ಟೈಪ್ ಮಾಡಿ ನಿಂಗೊಬ್ಬನಿಗೇ ಕಳಿಸ್ತೀನಿ. ಗ್ರೂಪಲ್ಲಿ ಹಾಕಿದ್ರೆ ನಿಮ್ಮಪ್ಪ ತನ್ನ ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ತಾನೆ.

ಡಿಸ್ಕ್ ಸರಿಯಾದ ಜಾಗಕ್ಕೆ ಬಂದ್ಮೇಲೆ, ಹೊಸದಾಗಿ ಹುಟ್ಟಿರೋ ಜೆಲ್ಲಿಫಿನ್ ಫೋಲ್ಡರ್‌ಗಳ ಹೆಸರು ಬದಲಾಯಿಸಿ ಪಕ್ಕಕ್ಕಿಡು, ಅಳಿಸ್ಬೇಡ. ಹಳೇ ಎರಡನ್ನ ಆ ಜಾಗಕ್ಕೆ ಹಾಕು. ಕಾಪಿ ಮಾಡಿದ್ದರ ಮಾಲೀಕತ್ವ ಹಳೇ ಯೂಸರ್ ನಂಬರಲ್ಲಿ ಇರುತ್ತೆ, ಹೊಸ ಸಿಸ್ಟಮಲ್ಲಿ ಜೆಲ್ಲಿಫಿನ್‌ಗೆ ಬೇರೆ ನಂಬರ್ ಸಿಕ್ಕಿರಬಹುದು. ಅದಕ್ಕೇ ಮಾಲೀಕರನ್ನ ಬದಲಾಯಿಸೋ ಚೌನ್ ಕಮಾಂಡ್ ಕೊಡಲೇಬೇಕು. ನಾನು ಮೊದಲ ಸಲ ಇದನ್ನೇ ಮರೆತು, ಸರ್ವೀಸ್ ಎದ್ದು ಬೀಳ್ತಾ ಎದ್ದು ಬೀಳ್ತಾ ಇತ್ತು, ಡೇಟಾಬೇಸ್ ಕೆಟ್ಟೇ ಹೋಯ್ತು ಅಂತ ರಾತ್ರಿ ಎರಡು ಗಂಟೆವರೆಗೂ ಅಳೋದೊಂದು ಬಾಕಿ. ಒಂದು ಸಾಲಿನ ಕೆಲಸ ಅದು.

ಈಗ ಸರ್ವೀಸ್ ಶುರು ಮಾಡಿ, ಟಿವಿಯಲ್ಲಿ ಬೇಡ, ಅದೇ ಕಂಪ್ಯೂಟರಿನ ಬ್ರೌಸರಲ್ಲಿ ಲೋಕಲ್‌ಹೋಸ್ಟ್ 8096 ಹೊಡೆದು ನೋಡು. ಹಳೇ ಲಾಗಿನ್ ಪುಟ ಬಂದ್ರೆ ಗೆದ್ದಂಗೆ. ಹೊಸ ಸೆಟಪ್ ಕೇಳಿದ್ರೆ ಹಳೇ ಫೋಲ್ಡರನ್ನ ಅದು ಓದ್ತಿಲ್ಲ ಅಂತ ಅರ್ಥ, ಏನೂ ತುಂಬ್ದೇ ಅಲ್ಲಿಗೇ ನಿಲ್ಸು. ಬ್ರೌಸರಲ್ಲಿ ಬಂದು ಟಿವಿಯಲ್ಲಿ ಬರದಿದ್ರೆ ಐಪಿ ವಿಳಾಸ, ಅಂದ್ರೆ ಮನೆ ನೆಟ್‌ವರ್ಕಲ್ಲಿ ಆ ಕಂಪ್ಯೂಟರಿನ ನಂಬರ್, ಬದಲಾಗಿರಬೇಕು. ಹಳೇ ಉಬುಂಟುವಲ್ಲಿ ಕೈಯಾರೆ ಹಾಕಿದ್ದ ಐಪಿ ಆ ಡಿಸ್ಕಿನ ಜೊತೆನೇ ಹೋಯ್ತು. ಈ ಸಲ ರೌಟರಲ್ಲೇ ಆ ಕಂಪ್ಯೂಟರಿಗೆ ಅಂತ ಹಳೇ ವಿಳಾಸ ಕಾದಿರಿಸು, ಮುಂದೆ ಡಿಸ್ಕ್ ಎಷ್ಟು ಸಲ ಬದಲಾದ್ರೂ ಟಿವಿಗೆ ಗೊತ್ತಾಗಲ್ಲ.

ಕೆಲವು ಸಿನಿಮಾ ಓಡಿ ಕೆಲವು 'ಪ್ಲೇ ಆಗಲ್ಲ' ಅಂದ್ರೆ ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಟಿವಿಗೆ ಹೊಂದದ ಫೈಲನ್ನ ಸರ್ವರ್ ಅಲ್ಲೇ ಬದಲಾಯಿಸಿ ಕಳಿಸ್ಬೇಕು, ಅದಕ್ಕೆ ಗ್ರಾಫಿಕ್ಸ್ ಚಿಪ್ ಬಳಸು ಅಂತ ಹಳೇ ಸೆಟ್ಟಿಂಗ್ ಹೇಳ್ತಿರುತ್ತೆ, ಹೊಸ ಸಿಸ್ಟಮಲ್ಲಿ ಆ ಅನುಮತಿ ಇನ್ನೂ ಸಿಕ್ಕಿರದೇ ಇರಬಹುದು. ಜೆಲ್ಲಿಫಿನ್ ಯೂಸರನ್ನ ಆ ಚಿಪ್ ಬಳಸೋ ಅನುಮತಿ ಇರೋ ರೆಂಡರ್ ಗುಂಪಿಗೆ ಸೇರಿಸಿ ಸರ್ವೀಸ್ ಮತ್ತೆ ಶುರು ಮಾಡು, ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತೆ.

ಅಮ್ಮಾ, ನೀನು ಕೇಳ್ತಿದ್ರೆ, ನಿನ್ನ ಸೀರಿಯಲ್ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಬರುತ್ತೆ. ಇವತ್ತು ಬೇರೆ ಯಾವುದಾದ್ರೂ ನೋಡ್ಕೋ.

ಪುಟ್ಟಾ, ಈಗ ಸರ್ವೀಸ್ ನಿಲ್ಸಿ, ಹಳೇ ಡಿಸ್ಕ್ ಹಾಕಿ, ಆ ಎಫ್‌ಎಸ್‌ಟ್ಯಾಬಿನ ಫೋಟೋ ತೆಗೆದು ನಂಗೆ ಕಳಿಸು. ನಾನು ನೋಡಿ ಹೇಳೋವರೆಗೂ ಅದರಲ್ಲಿ ಏನೂ ಬರೀಬೇಡ. ಸರಿ, ಇಡ್ತೀನಿ.